ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್ ಅಳವಡಿಸುವ ಬಗೆ

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಡುವ ಇಲ್ಲಿನ ಕನ್ನಡಿಗ ವಿದ್ಯಾರ್ಥಿಗಳು, ಬೆಲೆಯ ಚೌಕಾಸಿಗೆ ಇಳಿಯುವ ಮೊದಲೇ ಅದು ಯಾವ ಪೀಳಿಗೆಯದೆಂದು ವಿಚಾರಿಸುವುದು ಒಳಿತು. ಏಕೆಂದರೆ ಕೆಪ್ಲರ್ ಎಂಬ ಹಳೆಯ ಪೀಳಿಗೆಯ ಕಾರ್ಡುಗಳಿಗೆ 470ರ ಸರಣಿಯ ಡ್ರೈವರೇ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊನೆಯದು, ಅದಕ್ಕಿಂತ ಹೊಸವು ಅವಕ್ಕೆ ಹೊಂದುವುದಿಲ್ಲ.

ಮೊದಲು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವನ್ನು ಪೂರ್ತಿಯಾಗಿ ಅಪ್‌ಡೇಟ್ ಮಾಡಿ, ಅದರಲ್ಲಿರುವ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರೊಪ್ರೈಟರಿ, ಟೆಸ್ಟೆಡ್’ ಎಂದಿರುವುದನ್ನು ಆರಿಸಿ. ‘ಓಪನ್ ಕರ್ನಲ್’ ಎಂದಿರುವ ಆವೃತ್ತಿಗಳು ಟ್ಯೂರಿಂಗ್ ಎಂಬ ಪೀಳಿಗೆಯ ಕಾರ್ಡುಗಳಿಗೂ ಅದರ ನಂತರದವುಗಳಿಗೂ ಮಾತ್ರ ಹೊಂದುತ್ತವೆ. ತಯಾರಕರ ತಾಣದಲ್ಲಿ ಸಿಗುವ ‘ರನ್’ ಎಂಬ ಅಳವಡಿಕೆಯ ಕಡತವನ್ನು ನಾನು ಸೂಚಿಸಲಾರೆ. ಉಬುಂಟುವಿನ ಸ್ವಂತ ಪ್ಯಾಕೇಜುಗಳು ವ್ಯವಸ್ಥೆಯ ತಿರುಳಾದ ಕರ್ನಲ್ ಬದಲಾದಾಗ ತಾವೂ ಹೊಂದಿಕೊಳ್ಳುತ್ತವೆ, ಆ ಕಡತಕ್ಕೆ ಅಂಥ ಭರವಸೆಯಿಲ್ಲ.

ಹೆಚ್ಚಿನವರು ಎಡವುವುದು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಭದ್ರತಾ ವ್ಯವಸ್ಥೆ) ಬಳಿ. ಅಳವಡಿಕೆಯ ನಡುವೆ ಪಾಸ್‌ವರ್ಡ್ ರೂಪಿಸಲು ಕೇಳಿದರೆ ಅದನ್ನು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ಕೆಲವೇ ಕ್ಷಣ ನಿಲ್ಲುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಮಾಕ್’ (Enroll MOK, ಡ್ರೈವರಿನ ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಇದನ್ನು ತಪ್ಪಿಸಿದರೆ ಡ್ರೈವರ್ ಡಿಸ್ಕಿನಲ್ಲಿದ್ದರೂ ಕರ್ನಲ್ ಅದನ್ನು ಒಳಬಿಡುವುದಿಲ್ಲ.

ಟರ್ಮಿನಲ್‌ನಲ್ಲಿ ‘ಎನ್‌ವಿಡಿಯಾ-ಎಸ್‌ಎಂಐ’ (nvidia-smi) ಆಜ್ಞೆಗೆ ಕಾರ್ಡಿನ ಹೆಸರೂ ಡ್ರೈವರ್ ಆವೃತ್ತಿಯೂ ಕಂಡರೆ ಕೆಲಸ ಕೈಗೂಡಿದೆ. ಎರಡು ಗ್ರಾಫಿಕ್ಸ್ ಚಿಪ್‌ಗಳ ಲ್ಯಾಪ್‌ಟಾಪ್‌ನಲ್ಲಿ, ಬ್ಯಾಟರಿ ಉಳಿಸಲು ‘ಎನ್‌ವಿಡಿಯಾ ಸೆಟ್ಟಿಂಗ್ಸ್’ನ ‘ಪ್ರೈಮ್ ಪ್ರೊಫೈಲ್ಸ್’ ಒಳಗೆ ‘ಆನ್-ಡಿಮ್ಯಾಂಡ್’ ಆರಿಸಿಕೊಳ್ಳಿ.