ಮುಂಗಾರಿಗೆ ಮುನ್ನ ಮಹಿಳಾ ಸಂಘದ ಬೀಜ ಮೇಳ

ರಾಗಿ, ನವಣೆ, ಅವರೆಯ ನಾಟಿ ತಳಿಗಳನ್ನು ಉಳಿಸಿಕೊಂಡಿರುವ ಸ್ವಸಹಾಯ ಸಂಘಗಳು ಬೀಜ ಮೇಳವನ್ನು ಯುಗಾದಿಯ ನಂತರ, ಬಿತ್ತನೆಗೆ ಸಾಕಷ್ಟು ಮೊದಲೇ, ಊರಿನ ಸಂತೆಯ ದಿನ ನಡೆಸುವುದು ಅನುಕೂಲಕರ. ಅದಕ್ಕೆ ಎರಡು ವಾರ ಮುಂಚೆ ಪ್ರತಿ ತಳಿಯ 100 ಕಾಳುಗಳನ್ನು ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, ವಾರದ ಬಳಿಕ ಮೊಳಕೆಯೊಡೆದವುಗಳನ್ನು ಎಣಿಸಬೇಕು. ರಾಗಿಯಲ್ಲಿ 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಬಿತ್ತನೆಗೆ ಕೊಡದೆ ಹಿಟ್ಟಿಗೆ ಬಳಸುವುದೇ ಲೇಸು, ಏಕೆಂದರೆ ಒಬ್ಬರ ಹೊಲದಲ್ಲಿ ಬೀಜ ಹುಟ್ಟದಿದ್ದರೂ ಸಂಘದ ಮೇಲಿನ ನಂಬಿಕೆ ಕುಸಿಯುತ್ತದೆ. ಪ್ರತಿ ಚೀಲದ ಚೀಟಿಯಲ್ಲಿ ತಳಿ, ಬೆಳೆದ ವರ್ಷ ಮತ್ತು ಬೆಳೆದವರ ಹೆಸರಿರಲಿ. ವೇದಿಕೆಯ ಭಾಷಣಗಳಿಗೆ (ಅವು ಹೇಗೂ ಉದ್ದವಾಗುತ್ತವೆ) ಅರ್ಧ ಗಂಟೆ ಸಾಕು. ಹಣವಿಲ್ಲದವರಿಗೆ, ಸುಗ್ಗಿಯ ನಂತರ ಒಂದು ಸೇರಿಗೆ ಎರಡು ಸೇರು ಮರಳಿಸುವ ಕರಾರಿನ ಮೇಲೆ ಬೀಜ ಕೊಟ್ಟು, ಸಂಘದ ಪುಸ್ತಕದಲ್ಲಿ ಅಂದೇ ಬರೆದಿಡಬೇಕು.