ನಾಲ್ಕೇ ಅರ್ಜಿ ಹಾಕಿ ಎಂಪಿಎಚ್ ಪ್ರವೇಶ ಪಡೆದ ನನ್ನ ಅನುಭವ
ಅಮೆರಿಕದಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಲು ಹತ್ತಾರು ಕಡೆ ಅರ್ಜಿ ಹಾಕಿದರೆ ಎಲ್ಲಾದರೂ ಒಂದು ಕಡೆ ಸೀಟು ಸಿಕ್ಕೇ ಸಿಗುತ್ತದೆ ಎಂಬುದು ಜೊತೆಯವರೆಲ್ಲರ ನಂಬಿಕೆಯಾಗಿತ್ತು. ವೈದ್ಯಕೀಯ ಪದವಿಯಿಲ್ಲದ ನಾನು ನಾಲ್ಕಕ್ಕೇ ನಿಲ್ಲಿಸುವುದು ದುಸ್ಸಾಹಸವೆಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಕೊನೆಗೆ ಮೂರು ಕಡೆ ಪ್ರವೇಶ ದೊರೆಯಿತು. ಒಂದು ಕಡೆ ಬೋಧನಾ ಶುಲ್ಕದ ಬಹುಭಾಗವೂ ಮನ್ನಾ ಆಯಿತು.

ಅದಕ್ಕೂ ಹಿಂದಿನ ವರ್ಷ ನಾನೂ ಜೊತೆಯವರ ದಾರಿಯನ್ನೇ ಹಿಡಿದು ಹತ್ತಾರು ಕಡೆ ಅರ್ಜಿ ಹಾಕಿದ್ದೆ. ಸಾರ್ವಜನಿಕ ಆರೋಗ್ಯದ ಕೋರ್ಸ್‌ಗಳಿಗೆ ಒಂದೇ ಕಡೆಯಿಂದ ಅರ್ಜಿ ಸಲ್ಲಿಸುವ ಸೋಫಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಮೊದಲ ಸಂಸ್ಥೆಗೆ 140 ಡಾಲರ್ ಆಸುಪಾಸು, ಮುಂದಿನ ಪ್ರತಿಯೊಂದಕ್ಕೂ 50ಕ್ಕಿಂತ ತುಸು ಹೆಚ್ಚು, ಅಂಕಪಟ್ಟಿಗಳ ಮೌಲ್ಯಮಾಪನದ ಖರ್ಚು ಬೇರೆ. ಎಲ್ಲ ಸೇರಿ ಏಳೆಂಟುನೂರು ಡಾಲರ್ ದಾಟಿತು. ಬಂದ ಒಂದೆರಡು ಪ್ರವೇಶ ಪತ್ರಗಳಲ್ಲಿ ಬಿಡಿಗಾಸಿನ ನೆರವೂ ಇರಲಿಲ್ಲವಾದ್ದರಿಂದ ಅವುಗಳಿಂದ ಏನೂ ಪ್ರಯೋಜನವಾಗಲಿಲ್ಲ.

ಮರುವರ್ಷ ಜನಸೇವೆಯ ಹಂಬಲ, ಬಾಲ್ಯದ ಪ್ರೇರಣೆ ಮುಂತಾದವನ್ನೆಲ್ಲ ಕೈಬಿಟ್ಟು, ಇಡೀ ಎಸ್‌ಓಪಿಯನ್ನು (ಅರ್ಜಿಯ ಜೊತೆ ಬರೆಯುವ ಉದ್ದೇಶ ಪತ್ರ) ನನ್ನ ಕೆಲಸದಲ್ಲಿ ಎದುರಾದ ಒಂದೇ ಪ್ರಶ್ನೆಯ ಸುತ್ತ ಕಟ್ಟಿದೆ. ನಾನು ನೋಡಿಕೊಳ್ಳುತ್ತಿದ್ದ ಲಸಿಕೆ ರಿಜಿಸ್ಟರ್‌ನಲ್ಲಿ ಪೆಂಟಾವೇಲೆಂಟ್ (ಐದು ರೋಗಗಳ ವಿರುದ್ಧದ ಲಸಿಕೆ) ಮೊದಲ ಡೋಸ್ ಪಡೆದವರ ಪೈಕಿ ಶೇ. 17ರಷ್ಟು ಮಕ್ಕಳು ಮೂರನೆಯದಕ್ಕೆ ಬಂದಿರಲಿಲ್ಲ. ಶೇ. 10 ದಾಟಿದರೇ ಆತಂಕಪಡುವ ಸೂಚ್ಯಂಕವಿದು. ಬಿಟ್ಟುಹೋದ ಮಕ್ಕಳ ತಾಯಿ ಕಾರ್ಡುಗಳನ್ನು ಮನೆಮನೆಗೆ ಹೋಗಿ ನೋಡಿದಾಗ, ಸುಮಾರು ಅರ್ಧದಷ್ಟು ಮಕ್ಕಳಿಗೆ ಬೇರೆ ಕೇಂದ್ರದಲ್ಲಿ ಮೂರನೆಯ ಡೋಸ್ ಆಗಿತ್ತು. ನಮ್ಮ ರಿಜಿಸ್ಟರ್‌ನಲ್ಲಿ ಮಾತ್ರ ಆ ಕಲಂ ಖಾಲಿಯಿತ್ತು. ಉಳಿದರ್ಧ ಮಕ್ಕಳು ಏಕೆ ಬರಲಿಲ್ಲವೆಂಬುದನ್ನು ಬಿಡಿಸಿ ನೋಡಲು ನನಗೆ ಯಾವ ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯ ಸಂಖ್ಯಾಶಾಸ್ತ್ರ) ಬೇಕು, ಯಾವ ಎಪಿಡೆಮಿಯಾಲಜಿ (ರೋಗ ಹರಡುವಿಕೆಯ ಅಧ್ಯಯನ) ಬೇಕು ಎಂಬುದೇ ನನ್ನ ಎರಡನೆಯ ಪುಟ. ಸಂದರ್ಶನ ನಡೆಸಿದ ಪ್ರಾಧ್ಯಾಪಕರೊಬ್ಬರು ಉಳಿದದ್ದೆಲ್ಲ ಬಿಟ್ಟು ಆ ಖಾಲಿ ಕಲಮಿನ ಬಗ್ಗೆಯೇ ಕೇಳಿದರು.

ಸಂಸ್ಥೆಗಳ ಆಯ್ಕೆಯಲ್ಲಿ ನಾನು ರ‍್ಯಾಂಕಿಂಗ್ ನೋಡಲೇ ಇಲ್ಲ. ಸಾರ್ವಜನಿಕ ಆರೋಗ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಅಮೆರಿಕದ ಮಂಡಳಿಯಾದ ಸಿಇಪಿಎಚ್‌ನ ಮಾನ್ಯತೆಯಿದ್ದ ಮೇಲೆ ಕನಿಷ್ಠ 42 ಕ್ರೆಡಿಟ್ ಇದ್ದೇ ಇರುತ್ತದೆ, ಬುನಾದಿ ವಿಷಯಗಳೂ ಬಹುಪಾಲು ಒಂದೇ. ಹಾಗಾಗಿ ಹಿಂದಿನ ವಿದ್ಯಾರ್ಥಿಗಳು ಪ್ರಾಕ್ಟಿಕಮ್ (ಕೋರ್ಸಿನ ಭಾಗವಾದ ಪ್ರಾಯೋಗಿಕ ಕೆಲಸ) ಎಲ್ಲಿ ಮಾಡಿದರು, ಲಸಿಕಾ ಕಾರ್ಯಕ್ರಮದ ಮೇಲೆ ಯಾವ ಪ್ರಾಧ್ಯಾಪಕರು ಈಗ ಕೆಲಸ ಮಾಡುತ್ತಿದ್ದಾರೆ ಎಂಬೆರಡನ್ನೇ ಹುಡುಕಿದೆ. ಯಾವ ವಿಭಾಗದಲ್ಲಿ ಸಹಾಯಕ ಹುದ್ದೆಗೆ (ಬೋಧನೆ ಅಥವಾ ಸಂಶೋಧನೆಗೆ ನೆರವಾಗುವ ವಿದ್ಯಾರ್ಥಿಗಳ ಸಂಬಳದ ಕೆಲಸ) ಹಣವಿದೆ ಎಂಬುದನ್ನು ಮೊದಲೇ ಪತ್ತೆಹಚ್ಚಲು ನನ್ನದೇ ಒಂದು ಉಪಾಯವಿದೆ; ಆ ಹುದ್ದೆಗಳು ಬೆರಳೆಣಿಕೆಯವಾದ್ದರಿಂದ ಅದನ್ನಿಲ್ಲಿ ಬಿಡಿಸಿ ಹೇಳುವುದಿಲ್ಲ.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ಐಚ್ಛಿಕವಾಗಿದ್ದರೂ ಸ್ನಾತಕೋತ್ತರ ಪ್ರವೇಶಕ್ಕೆ ಬಳಸುವ ಜಿಆರ್‌ಇ ಪರೀಕ್ಷೆ ಬರೆದೆ. ಗಣಿತದ ಹಿನ್ನೆಲೆ ತೆಳುವಾಗಿದ್ದವರಿಗೆ ಅದು ಉಪಯುಕ್ತವೆಂದೇ ನನ್ನ ಅಭಿಪ್ರಾಯ. ಶಿಫಾರಸು ಬರೆಯುವ ಮೂವರಿಗೂ ಒಂದೇ ರೆಸ್ಯೂಮೆ ಕಳುಹಿಸುವ ಬದಲು, ಅವರವರು ಕಣ್ಣಾರೆ ಕಂಡ ನನ್ನ ಒಂದೊಂದು ಕೆಲಸವನ್ನು ನೆನಪಿಸುವ ಅರ್ಧ ಪುಟದ ಟಿಪ್ಪಣಿ ಕೊಟ್ಟೆ. ಹಿಂದಿನ ಸಲ ಮೂವರೂ ‘ಶ್ರಮಜೀವಿ’ ಎಂದಷ್ಟೇ ಬರೆದಿದ್ದರೆಂದು ಅವರಲ್ಲೊಬ್ಬರಿಂದ ತಿಳಿದಿತ್ತು.

ಸೋಫಾಸ್‌ನ ಪರಿಶೀಲನೆಗೇ ನಾಲ್ಕು ವಾರ ಹಿಡಿಯಬಹುದಾದ್ದರಿಂದ ಕೊನೆಯ ದಿನಾಂಕಕ್ಕೆ ಎರಡು ತಿಂಗಳ ಮೊದಲೇ ಎಲ್ಲವನ್ನೂ ಸಲ್ಲಿಸಿದೆ. ಪ್ರವೇಶ ಪತ್ರಗಳು ಬಂದ ಮೇಲೆ, ಒಂದು ಸಂಸ್ಥೆ ಕೊಟ್ಟ ನೆರವಿನ ಪತ್ರವನ್ನು ಲಗತ್ತಿಸಿ, ನನಗೆ ಹೆಚ್ಚು ಇಷ್ಟವಿದ್ದ ಸಂಸ್ಥೆಗೆ ವಿನಯದಿಂದಲೇ ಪತ್ರ ಬರೆದೆ. ಹತ್ತು ದಿನಗಳೊಳಗೆ ಅವರು ವಿದ್ಯಾರ್ಥಿವೇತನದ ಮೊತ್ತವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದರು.