ಕಾರಿಲ್ಲದೆ, ಹಾಮ್ ಇಲ್ಲದೆ ಅಲ್ಪುಹಾರ್ರಾ

ಸ್ಪೇನಿನ ಹಳ್ಳಿಯಲ್ಲಿ ಸಸ್ಯಾಹಾರಿಗಳು ಕಾರಿಲ್ಲದೆ ಎರಡು ದಿನವೂ ನಿಲ್ಲಲಾರರು ಎಂದು ಮ್ಯೂನಿಕ್‌ನ ನಮ್ಮ ಕನ್ನಡದ ಗೆಳೆಯರೆಲ್ಲ ಷರಾ ಬರೆದಿದ್ದರು. ನವೆಂಬರ್‌ನಲ್ಲಿ ದಕ್ಷಿಣ ಸ್ಪೇನಿನ ಬೆಟ್ಟಸೀಮೆ ಅಲ್ಪುಹಾರ್ರಾಕ್ಕೆ ಹೋಗಿ, ಹೊಟ್ಟೆ ತುಂಬ ಉಂಡು ಬಂದಿದ್ದೇವೆ. ಕೋಣೆಗೆ ಇಬ್ಬರಿಗೂ ಸೇರಿ ಒಂದು ರಾತ್ರಿಗೆ ಸುಮಾರು 40 ಯೂರೋ, ಬೆಳಗಿನ ತಿಂಡಿ ಅದರಲ್ಲೇ.

ಹಿಂದಿನ ಸಲ ಜಾಲತಾಣದಲ್ಲಿ ಇಡೀ ಕಾಸಾ ರೂರಲ್, ಅಂದರೆ ಬಾಡಿಗೆಯ ಹಳ್ಳಿಮನೆ, ಹಿಡಿದಿದ್ದೆವು. ದರ ನೋಡುವುದಕ್ಕೆ ಚೆನ್ನ. ಆಮೇಲೆ ಶುಚಿಗೊಳಿಸಲೆಂದು 50 ಯೂರೋ, ಸೌದೆ ಬುಟ್ಟಿಯೊಂದಕ್ಕೆ ಆರೋ ಏಳೋ. ಆ ಚಳಿಗೆ ಒಂದು ಬುಟ್ಟಿ ಎಲ್ಲಿ ಸಾಲುತ್ತದೆ? ಹೋಟೆಲಿನಲ್ಲಿ ಮಾಂಸ ಬೇಡವೆಂದರೆ ಹುರುಳಿಕಾಯಿಯ ನಡುವೆ ಹಾಮ್ ಎಂಬ ಹಂದಿಮಾಂಸದ ಚೂರು, ಸಲಾಡಿನ ಮೇಲೆ ಟ್ಯೂನಾ ಮೀನು. ನಮ್ಮವರು ಬ್ರೆಡ್ಡು, ಟೊಮೆಟೊದಲ್ಲೇ ದಿನ ದೂಡಿದರು.

ಈ ಸಲ ಮನೆಯ ಮಾಲೀಕರೂ ಅಲ್ಲೇ ಇದ್ದುಕೊಂಡು ಕೋಣೆ ಲೆಕ್ಕದಲ್ಲಿ ಕೊಡುವ ಮನೆಗಳನ್ನಷ್ಟೇ ಹುಡುಕಿದೆ. ನೇರವಾಗಿ ಫೋನ್ ಮಾಡಿದೆ, ಅದೂ ಸಂಜೆ ಆರರ ನಂತರ. ಮಧ್ಯಾಹ್ನ ಊಟ, ನಿದ್ದೆಯ ಹೊತ್ತಿನಲ್ಲಿ ಕರೆದರೆ ದರ ಇಳಿಯುವುದಿಲ್ಲ, ಮುನಿಸು ಏರುತ್ತದೆ. ಭಾನುವಾರದಿಂದ ಶುಕ್ರವಾರದವರೆಗೆ ಕೋಣೆ ಕೇಳಿ. ಶನಿವಾರ ಪೇಟೆಯವರು ಬಂದು ತುಂಬಿಕೊಳ್ಳುತ್ತಾರೆ. ದರದ ಮಾತಿಗೆ ಮೊದಲು, ಅವರ ಅಡುಗೆಮನೆಯಲ್ಲಿ ನಾವೂ ಅಡುಗೆ ಮಾಡಿಕೊಳ್ಳುವ ಮಾತು ಮುಗಿದಿರಬೇಕು. ಅದಕ್ಕೆ ಒಪ್ಪಿಸಲು ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಹೇಳತೊಡಗಿದರೆ ಅದು ನಡೆಯುವುದಿಲ್ಲ. ಊರು ಕಪಿಲೇಯ್ರಾ. ಮನೆ ಯಾವುದೆಂದು ಕೇಳಬೇಡಿ.

ಗ್ರಾನಾಡಾ ನಗರದಿಂದ ಓರ್ಹಿವಾ ಎಂಬ ಊರು ದಾಟಿ ಬರುವ ಬಸ್ಸಿಗೆ ಎರಡೂವರೆ ಗಂಟೆ, ತಲೆಗೆ ಏಳು ಯೂರೋ ಆಸುಪಾಸು. ಊರು ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಕೆಳಗಿನ ಹಳ್ಳಿಗಳಾದ ಬುಬಿಯೋನ್, ಪಂಪನೇಯ್ರಾಗಳಿಗೆ ಕಾಲುದಾರಿಯಲ್ಲೇ ಇಳಿಯಬಹುದು. ಹತ್ತುವ ಮನಸ್ಸಿಲ್ಲದಿದ್ದರೆ ವಾಪಸಿಗೆ ಬಸ್ ಇದೆ. ಕಾರು ಎಲ್ಲಿ ಬೇಕಾಯಿತು ಹೇಳಿ!

ಒಲೆ ಯಾವುದೆಂದು ಮೊದಲೇ ವಿಚಾರಿಸಿದ್ದೆ. ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್ ಎಂದರು, ನಮ್ಮ ಅಲ್ಯೂಮಿನಿಯಂ ಕುಕ್ಕರ್ ಚೀಲ ಸೇರಿತು. ಇಂಡಕ್ಷನ್ ಆಗಿದ್ದರೆ ಅದನ್ನು ಹೊತ್ತದ್ದೇ ದಂಡ. ದಕ್ಷಿಣ ಸ್ಪೇನಿನ ಈ ಆಂಡಲೂಸಿಯಾ ಪ್ರಾಂತ್ಯದವರು ಕರಿಯಲು ಕಡಲೆ ಹಿಟ್ಟು ಬಳಸುತ್ತಾರೆ, ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತು. ಕಾಬೂಲಿ ಕಡಲೆಯದಾದ್ದರಿಂದ ಬಣ್ಣ ಬಿಳಿಚು. ಓಮ ಹಾಕಿ ಬದನೆಕಾಯಿ ಬಜ್ಜಿ ಕರಿದೆ. ಮನೆಯ ಅಜ್ಜಿ ಒಂದನ್ನು ಮುರಿದು ಮೂಸಿದರು, ಕಪಾಟಿನಿಂದ ಸೀಸೆ ತೆಗೆದು ಕಪ್ಪು ಪಾಕ ಸುರಿದರು. ಅಪ್ಪಟ ಜೋನಿಬೆಲ್ಲ! ಕರಿದ ಬದನೆಗೆ ಕಬ್ಬಿನ ಪಾಕ ಸುರಿಯುವುದು ಅಲ್ಲಿನವರ ರೂಢಿ. ಮಲಗಾ ಕಡೆಯ ಫ್ರಿಹಿಲಿಯಾನಾದಲ್ಲಿ ಅದನ್ನು ಇಂದಿಗೂ ಕಾಯಿಸುತ್ತಾರೆ. ಮರುದಿನ ಕೇಳದೆಯೇ ಪಾಲಕ್, ಕಡಲೆಕಾಳಿನ ಪಲ್ಯ ಬಂತು, ಹಾಮ್ ಇಲ್ಲದೆ. ಬಜ್ಜಿಗೆ ಸಿಕ್ಕ ಪ್ರತಿಫಲವೆಂದೇ ನಾನು ಎಣಿಸಿದ್ದೇನೆ.

ದೋಸೆ ಹಿಟ್ಟನ್ನೂ ಸೌದೆ ಒಲೆಯ ಪಕ್ಕ ಇಟ್ಟು ನೋಡಿದೆ. ಮೊದಲ ರಾತ್ರಿ ಮಿಸುಕಲಿಲ್ಲ. ಎರಡನೆಯ ರಾತ್ರಿ ಕಂಬಳಿ ಹೊದೆಸಿದ ಮೇಲೆ ಉಕ್ಕಿ ಪಾತ್ರೆಯಾಚೆ ಬಂತು.

ಈಸ್ಟರ್ ಹಿಂದಿನ ವಾರ ಹೋಗುವವರು ಈ ದರದ ಆಸೆ ಬಿಡಿ. ಆಗ ನನ್ನ ಮಾತೂ ನಡೆಯುವುದಿಲ್ಲ.